ಹಿತ್ತಲ ಗಿಡಕ್ಕೆ ನೀರೆಷ್ಟು?

ಗಿಡಕ್ಕೆ ನೀರೆರೆಯುವುದು ಕಲಿತು ಮಾಡಬೇಕಾದ ಕೆಲಸವೆಂದು ಸಾಮಾನ್ಯವಾಗಿ ಯಾರೂ ಎಣಿಸುವುದಿಲ್ಲ. ಕೈಯಲ್ಲಿ ಚೊಂಬು, ಎದುರಿಗೆ ಗಿಡ, ಸುರಿದರೆ ಮುಗಿಯಿತು. ಎರಡು ವರ್ಷಗಳ ಹಿಂದೆ ನಾನೂ ಹಾಗೆಯೇ ತಿಳಿದಿದ್ದೆನು. ನೀರು ಯಥೇಚ್ಛವಾಗಿರುವ ತನಕ ಈ ತಿಳಿವಳಿಕೆಯಿಂದ ಹೆಚ್ಚಿನ ಹಾನಿಯೇನೂ ಆಗುವುದಿಲ್ಲ. ಆದರೆ ಆ ನೀರನ್ನು ಮನೆಯವರೊಬ್ಬರು ಸೊಂಟದ ಮೇಲೆ ಹೊತ್ತು ತರಬೇಕಾದಾಗ, ಸುರಿದುದರಲ್ಲಿ ಗಿಡ ಕುಡಿದದ್ದೆಷ್ಟು, ನೆಲದ ಆಳಕ್ಕೆ ಇಳಿದುಹೋದದ್ದೆಷ್ಟು, ಬಿಸಿಲು ಹೀರಿದ್ದೆಷ್ಟು ಎಂಬ ಲೆಕ್ಕ ಬೇಕಾಗುತ್ತದೆ. ಆ ಲೆಕ್ಕವನ್ನು ನಮ್ಮ ಹಿತ್ತಲಿನಲ್ಲಿ ಹಾಕಿ ನೋಡಿದ ಬಗೆಯನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವವಳು. ತಪ್ಪು ಕಂಡಲ್ಲಿ ಬಲ್ಲವರು ತಿದ್ದಬೇಕೆಂದು ಪ್ರಾರ್ಥನೆ.

ನಮ್ಮದು ನದಿಗಳ ಸೀಮೆ. ಕಬಿನಿಯೆಂದೂ ಕರೆಯಲ್ಪಡುವ ಕಪಿಲೆಯು ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯ ಬಳಿ ಹರಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ನಂಜನಗೂಡು ತಾಲ್ಲೂಕಿನಲ್ಲಿ ಹುಲ್ಲಹಳ್ಳಿ ಮತ್ತು ರಾಂಪುರದ ನಾಲೆಗಳು ಕಪಿಲೆಯ ನೀರನ್ನೂ, ತಲಕಾಡಿನ ಕಡೆ ಮಾಧವಮಂತ್ರಿ ನಾಲೆಯು ಕಾವೇರಿಯ ನೀರನ್ನೂ ಗದ್ದೆಗಳಿಗೆ ಉಣಿಸುತ್ತ ಬಂದಿವೆ. ೧೯೭೪ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟೆಯೂ ಸಿದ್ಧವಾಯಿತು. ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆಯೇಕೆ ಎಂಬ ಗಾದೆ ನಮ್ಮಂಥವರಿಗಾಗಿಯೇ ಹುಟ್ಟಿರಬಹುದೆಂದು ಪರಸ್ಥಳದವರು ನಗುವುದುಂಟು.

ಆದರೆ ಹೊಳೆ ಇರುವುದು ತಗ್ಗಿನಲ್ಲಿ. ನಾಲೆ ಹರಿಯುವುದು ಗದ್ದೆಯ ಬಯಲಿನಲ್ಲಿ. ತಿ. ನರಸೀಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನಮ್ಮ ಬೀದಿ ಇರುವುದು ದಿಬ್ಬದ ಮೇಲೆ. ಅಲ್ಲಿಗೆ ನೀರು ಬರುವುದು ಕೊಳವೆ ಬಾವಿಯಿಂದ ತುಂಬುವ ತೊಂಬೆಯ ಮೂಲಕ. ೨೦೨೩ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. ಅದರ ಬಿಸಿ ನಮಗೆ ತಟ್ಟಿದ್ದು ೨೦೨೪ರ ಬೇಸಗೆಯಲ್ಲಿ. ಅದೇ ವರ್ಷದ ಮಳೆಗಾಲದಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ಸ್ನಾನಘಟ್ಟವನ್ನು ಮುಳುಗಿಸಿದಳು. ನೀರಿಲ್ಲದ ಏಪ್ರಿಲಿಗೂ ನೀರು ಹೆಚ್ಚಾದ ಜುಲೈಗೂ ನಡುವೆ ಇದ್ದದ್ದು ಮೂರೇ ತಿಂಗಳು!

ಅವ್ವನಿಗೆ ಹಿತ್ತಲಿನಲ್ಲಿ ೨೦ ಮಲ್ಲಿಗೆ ಗಿಡಗಳಿವೆ. ಮೊಗ್ಗು ಬಿಡಿಸಿ, ದಾರದಲ್ಲಿ ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರುತ್ತಾಳೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವಳು ನಾನೇ ಮೊದಲು; ನನ್ನ ಪರೀಕ್ಷಾ ಶುಲ್ಕವೂ ಪುಸ್ತಕದ ಹಣವೂ ಬಹುಮಟ್ಟಿಗೆ ಆ ಮೊಗ್ಗುಗಳಿಂದಲೇ ಬಂದುವು. ಬೇಸಗೆಯಲ್ಲಿ ಪ್ರತಿ ಸಂಜೆ ಆ ಗಿಡಗಳಿಗೆಂದೇ ಅವ್ವ ತೊಂಬೆಯಿಂದ ೧೦ ಕೊಡ ನೀರು ತರುತ್ತಿದ್ದಳು. ಒಂದು ದಿನ ನಾನು ಲೀಟರು ಬಾಟಲಿಯಿಂದ ಅಳೆದು ನೋಡಿದೆನು. ನಮ್ಮ ಕೊಡ ಹಿಡಿಯುವುದು ೧೪ ಲೀಟರು. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ. ಎಂದರೆ ಅವ್ವ ಪ್ರತಿ ಸಂಜೆ ೧೪೦ ಕಿಲೋಗ್ರಾಂ ನೀರನ್ನು, ಒಂದು ಕ್ವಿಂಟಾಲಿಗೂ ಮೀರಿದ ಹೊರೆಯನ್ನು, ೧೫೦ ಹೆಜ್ಜೆಯ ದಾರಿಯಲ್ಲಿ ಹೊರುತ್ತಿದ್ದಳು. ಇಷ್ಟಾದರೂ ಆ ಏಪ್ರಿಲಿನಲ್ಲಿ ೬ ಗಿಡಗಳು ಒಣಗಿದುವು. ಮಳೆ ಬಂದ ಮೇಲೆ ಅವುಗಳ ಜಾಗದಲ್ಲಿ ಬೇರೆ ಸಸಿ ನೆಟ್ಟೆವು. ಇಷ್ಟು ನೀರು ಹೊತ್ತರೂ ಗಿಡ ಏಕೆ ಒಣಗಿತು ಎಂಬ ಪ್ರಶ್ನೆಯೇ ಈ ಪ್ರಯೋಗಕ್ಕೆ ಮೂಲ.

೧. ಸುರಿದ ನೀರು ಎಲ್ಲಿಗೆ ಹೋಗುತ್ತದೆ?

ಮಣ್ಣಿನ ಕಣಗಳ ನಡುವೆ ಸಂದುಗಳಿರುತ್ತವೆ. ಮರಳುಮಣ್ಣಿನ ಕಣಗಳು ದಪ್ಪ, ಸಂದುಗಳೂ ದೊಡ್ಡವು. ಅದರ ಮೇಲೆ ಸುರಿದ ನೀರು ಅಗಲಕ್ಕೆ ಹರಡದೆ ನೇರವಾಗಿ ಕೆಳಗಿಳಿದು, ಬೇರನ್ನು ದಾಟಿ ಹೋಗುತ್ತದೆ. ಎರೆಮಣ್ಣಿನ ಕಣಗಳು ಬಹು ಸಣ್ಣವು. ಅಲ್ಲಿ ನೀರು ನಿಧಾನವಾಗಿ ಇಳಿದು, ಪಕ್ಕಕ್ಕೂ ಹರಡಿ, ಬಹಳ ದಿನ ನಿಲ್ಲುತ್ತದೆ. ನಮ್ಮ ಊರಿನದು ಮರಳು ಬೆರೆತ ಕೆಂಪುಮಣ್ಣು. ನಂಜನಗೂಡು ತಾಲ್ಲೂಕಿನಲ್ಲಿ ನಮ್ಮ ಸೋದರತ್ತೆಯ ಊರಿನದು ಕಪ್ಪು ಎರೆ. ಈ ಭೇದ ನನಗೆ ಮುಂದೆ ದೊಡ್ಡ ಪಾಠವನ್ನೇ ಕಲಿಸಿತು.

ಇನ್ನೊಂದು ಅಂಶವುಂಟು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಸಂದುಗಳೆಲ್ಲ ನೀರಿನಿಂದ ತುಂಬಿಬಿಟ್ಟರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದುದರಿಂದ ನೀರಿನಲ್ಲಿ ನಿಂತ ಗಿಡವೂ ಬಾಯಾರಿದ ಗಿಡದಂತೆಯೇ ಎಲೆ ಜೋಲುಬಿಡುತ್ತದೆ.

ಬಿಸಿಲಿನ ಪಾಲನ್ನೂ ಲೆಕ್ಕ ಹಾಕಬಹುದು. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರು. ನಮ್ಮ ಕಡೆಯ ಬೇಸಗೆಯಲ್ಲಿ ಒದ್ದೆಯಾದ ಬರಿನೆಲದಿಂದ ದಿನಕ್ಕೆ ೫-೬ ಮಿಲಿಮೀಟರು ಆವಿಯಾಗಿ ಹೋಗುವುದು ವಿಶೇಷವೇನಲ್ಲ. ಪಾತಿಯನ್ನು ಅಗಲವಾಗಿ ತೋಯಿಸಿದಷ್ಟೂ ಬಿಸಿಲಿಗೆ ಕೊಟ್ಟ ಕಾಣಿಕೆ ಹೆಚ್ಚಾಗುತ್ತದೆ.

೨. ಹಿಂದಿನವರ ದಾರಿ, ಇಂದಿನವರ ದಾರಿ

ನಮ್ಮ ಹಿರಿಯರು ನೀರೆತ್ತುತ್ತಿದ್ದುದು ಏತದಿಂದ ಮತ್ತು ಕಪಿಲೆಯಿಂದ. ಇಲ್ಲಿ ಕಪಿಲೆಯೆಂದರೆ ನದಿಯಲ್ಲ. ಎತ್ತುಗಳು ಹಗ್ಗವನ್ನೆಳೆದು ಬಾವಿಯಿಂದ ಚರ್ಮದ ಬಾನಿಯನ್ನು ಮೇಲೆತ್ತುವ ಸಾಧನ. ಹಾಗೆ ಎತ್ತಿದ ನೀರು ಕಾಲುವೆಯಲ್ಲಿ ಹರಿದು ಮಡಿಯಿಂದ ಮಡಿಗೆ ಹೋಗುತ್ತಿತ್ತು. ಗದ್ದೆಗೆ ಇದು ಸರಿ. ತೋಟದಲ್ಲಿ ಒಂದು ಗಿಡದ ಬುಡದಿಂದ ಇನ್ನೊಂದರ ಬುಡಕ್ಕೆ ಹರಿಯುವ ನೀರು ತನ್ನೊಡನೆ ರೋಗವನ್ನೂ ಒಯ್ಯಬಲ್ಲದು. ನಂಜನಗೂಡಿಗೆ ಹೆಸರು ತಂದ ರಸಬಾಳೆಯನ್ನು ಕಾಡಿರುವ ಪನಾಮಾ ಸೊರಗು ರೋಗದ ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ಕಂದಿನ ಮೂಲಕವೂ ಹರಿಯುವ ನೀರಿನ ಮೂಲಕವೂ ಹರಡುತ್ತದೆ.

ಮಡಕೆಯನ್ನು ನೆಲದಲ್ಲಿ ಹೂಳುವ ಕ್ರಮವೂ ಬಹು ಹಳೆಯದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಚೀನ ದೇಶದ ಫಾನ್ ಷೆಂಗ್‌ಚಿ ಎಂಬಾತನು ಬರೆದ ಕೃಷಿಗ್ರಂಥದಲ್ಲಿ, ನೀರು ತುಂಬಿದ ಮಡಕೆಯನ್ನು ಹೂಳಿ ಅದರ ಸುತ್ತ ಕರಬೂಜ ಜಾತಿಯ ಬಳ್ಳಿಯನ್ನು ಬೆಳೆಸುವ ವಿವರವಿದೆ. ಸುಟ್ಟ ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಬೇಸಗೆಯಲ್ಲಿ ಮಡಕೆಯ ನೀರು ತಂಪಾಗುವುದು ಇವುಗಳಿಂದಲೇ. ಸುತ್ತಲ ಮಣ್ಣು ಒಣಗಿದಾಗ ಅದು ಮಡಕೆಯ ನೀರನ್ನು ಎಳೆದುಕೊಳ್ಳುತ್ತದೆ. ಮಣ್ಣು ತೇವವಾದಾಗ ಎಳೆತ ತಗ್ಗುತ್ತದೆ. ಗಿಡಕ್ಕೆ ಎಷ್ಟು ಬೇಕೆಂಬುದನ್ನು ನಾವು ಊಹಿಸುವ ಬದಲು ಮಣ್ಣೇ ಕೇಳಿ ಪಡೆಯುತ್ತದೆ.

ಹನಿ ನೀರಾವರಿ ಈಚಿನದು. ಇಸ್ರೇಲಿನ ಸಿಮ್ಚಾ ಬ್ಲಾಸ್ ಎಂಬ ಎಂಜಿನಿಯರು ಇದನ್ನು ರೂಪಿಸಿ, ೧೯೬೫ರಲ್ಲಿ ಅಲ್ಲಿನ ಹಟ್ಜೆರಿಮ್ ಎಂಬ ಸಾಮುದಾಯಿಕ ಗ್ರಾಮದೊಡನೆ ಸೇರಿ ತಯಾರಿಕೆಗೆ ತಂದರು. ಇಂದು ನಮ್ಮ ಬಾಳೆಯ ತೋಟಗಳಲ್ಲಿಯೂ ಕಪ್ಪು ಕೊಳವೆಗಳನ್ನು ಕಾಣುತ್ತೇವೆ. ಹನಿಹನಿಗೂಡಿದರೆ ಹಳ್ಳವೆಂಬುದು ಕೂಡಿಡುವವರ ಮಾತಾದರೆ, ಇದು ಹಳ್ಳವನ್ನೇ ಹನಿಯಾಗಿ ಒಡೆದು ಹಂಚುವ ಉಪಾಯ.

ಕಡಮೆ ನೀರಿನ ತೋಟಗಾರಿಕೆ ನಮ್ಮ ತಾಲ್ಲೂಕಿಗೆ ಪರಕೀಯವಾದ ವಿಚಾರವೂ ಅಲ್ಲ. ಲಾಲ್‌ಬಾಗಿನ ಏಳಿಗೆಗೆ ದುಡಿದು, ತೋಟಗಾರಿಕೆ ಇಲಾಖೆಯ ನಿರ್ದೇಶಕರಾಗಿ, ಒಣಭೂಮಿಯಲ್ಲಿ ಹಣ್ಣಿನ ಬೆಳೆ ಬರಬೇಕೆಂದು ಶ್ರಮಿಸಿದ ಡಾ. ಎಂ. ಎಚ್. ಮರೀಗೌಡರು ಹುಟ್ಟಿದ್ದು ತಿ. ನರಸೀಪುರ ತಾಲ್ಲೂಕಿನ ಬನ್ನೂರು ಹೋಬಳಿಯಲ್ಲಿಯೇ.

೩. ಹನ್ನೆರಡು ಬದನೆ ಗಿಡಗಳು

ಇಷ್ಟನ್ನು ಓದಿಕೊಂಡು ನಾನು ಮಲ್ಲಿಗೆಯ ಮೇಲೆ ಪ್ರಯೋಗ ಮಾಡಲು ಹೊರಟಾಗ ಅವ್ವ ಒಪ್ಪಲಿಲ್ಲ. "ಮಲ್ಲಿಗೆ ಗಿಡುಕ್ಕೆ ಕೈ ಇಕ್ಕಬ್ಯಾಡ ಕಣ್ ಮಗ. ಬದನೆ ಗಿಡದ ಮ್ಯಾಲೆ ಏನ್ ಬೇಕಾದ್ರೂ ಮಾಡ್ಕೊ" ಎಂದಳು. ಅವಳ ಮಾತು ನ್ಯಾಯವಾದದ್ದೇ. ಕಲಿಯುವವಳ ಖರ್ಚನ್ನು ಮಲ್ಲಿಗೆ ಹೊತ್ತಿತ್ತು. ಕಲಿಕೆಯ ತಪ್ಪನ್ನೂ ಅದೇ ಹೊರಬೇಕೆಂದರೆ ಹೇಗೆ?

೨೦೨೫ರ ಫೆಬ್ರವರಿಯಲ್ಲಿ ಒಂದೇ ವಯಸ್ಸಿನ ೧೨ ಬದನೆ ಸಸಿಗಳನ್ನು ನೆಟ್ಟು ನಾಲ್ಕು ಗುಂಪುಗಳಾಗಿ ಮಾಡಿದೆನು. ೪೦ ದಿನ ಕೊಟ್ಟ ನೀರನ್ನೆಲ್ಲ ನೋಟುಪುಸ್ತಕದಲ್ಲಿ ಬರೆದಿಟ್ಟೆನು.

ಮೊದಲನೆಯ ಗುಂಪಿಗೆ ಅವ್ವನ ಪದ್ಧತಿ: ದಿನವೂ ಸಂಜೆ ಗಿಡವೊಂದಕ್ಕೆ ೩ ಲೀಟರು ಸುರಿಯುವುದು. ೪೦ ದಿನಗಳಿಗೆ ಮೂರು ಗಿಡಗಳು ಪಡೆದ ನೀರು ೩೬೦ ಲೀಟರು.

ಎರಡನೆಯ ಗುಂಪಿನ ಬುಡಕ್ಕೆ ನಾಲ್ಕು ಬೆರಳು ದಪ್ಪ ಕಬ್ಬಿನ ತರಗು ಹೊದಿಸಿ, ಕಾಂಡಕ್ಕೆ ತಗಲದಂತೆ ಸ್ವಲ್ಪ ಜಾಗ ಬಿಟ್ಟೆನು. ಪ್ರತಿ ಬೆಳಗ್ಗೆ ತರಗನ್ನು ಸರಿಸಿ ಮಣ್ಣಿನಲ್ಲಿ ಎರಡು ಗೆಣ್ಣು ಬೆರಳೂರಿ, ಒಣಗಿದ್ದರೆ ಮಾತ್ರ ೩ ಲೀಟರು ಕೊಟ್ಟೆನು. ಹೀಗೆ ೧೬ ಸಲ ಕೊಡಬೇಕಾಯಿತು. ಒಟ್ಟು ೧೪೪ ಲೀಟರು.

ಮೂರನೆಯ ಗುಂಪಿನ ಪ್ರತಿ ಗಿಡದ ಪಕ್ಕದಲ್ಲಿ ೪ ಲೀಟರು ಹಿಡಿಯುವ ಮಡಕೆಯನ್ನು ಕಂಠದ ತನಕ ಹೂಳಿ, ಬಾಯಿಗೆ ಚಿಪ್ಪು ಮುಚ್ಚಿದೆನು. ಮುಚ್ಚದಿದ್ದರೆ ನೀರು ಆವಿಯಾಗುವುದಲ್ಲದೆ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಸಸಿಯ ಬೇರು ಮಡಕೆಯ ಬಳಿಗೆ ಬರುವ ತನಕ, ಮೊದಲ ಒಂದು ವಾರ, ದಿನಕ್ಕೆ ಒಂದೊಂದು ಲೀಟರನ್ನು ಕೈಯಿಂದಲೂ ಹಾಕಬೇಕಾಯಿತು. ಅದು ೨೧ ಲೀಟರು. ಮಡಕೆಗಳನ್ನು ೧೧ ಸಲ ತುಂಬಿದ್ದು ೧೩೨ ಲೀಟರು. ಒಟ್ಟು ೧೫೩ ಲೀಟರು.

ನಾಲ್ಕನೆಯ ಗುಂಪಿಗೆ ಬಣ್ಣದ ಪಾನೀಯದ ಖಾಲಿ ಬಾಟಲಿಗಳಿಗೆ ಸೂಜಿಯಿಂದ ತೂತು ಮಾಡಿ ಕೋಲಿಗೆ ಕಟ್ಟಿದೆನು. ನನಗೆ ಹೆಚ್ಚು ಭರವಸೆಯಿದ್ದದ್ದು ಇದರ ಮೇಲೆಯೇ. ಹೆಚ್ಚು ಪೆಟ್ಟು ತಿಂದದ್ದೂ ಇದರಿಂದಲೇ. ಮುಚ್ಚಳವನ್ನು ಬಿಗಿಮಾಡಿದರೆ ಒಳಗೆ ಗಾಳಿ ಹೋಗದೆ ಹನಿ ನಿಂತಿತು. ಸಡಿಲಿಸಿದರೆ ಎರಡು ಗಂಟೆಯಲ್ಲಿ ಬಾಟಲಿ ಬರಿದಾಯಿತು. ಬಾಟಲಿ ತುಂಬಿದ್ದಾಗ ನೀರಿನ ಎತ್ತರ ಹೆಚ್ಚು, ಒತ್ತಡವೂ ಹೆಚ್ಚು. ಆದುದರಿಂದ ಹನಿ ಬೇಗ ಬೀಳುತ್ತದೆ. ಇಳಿದಂತೆಲ್ಲ ನಿಧಾನವಾಗುತ್ತದೆ. ಕೊನೆಗೆ ಹದಕ್ಕೆ ಬಂತೆನ್ನುವಾಗ ತೊಂಬೆಯ ನೀರಿನ ಸಣ್ಣ ಮರಳು ತೂತನ್ನು ಮುಚ್ಚಿತು. ಪರೀಕ್ಷೆಗೆಂದು ಎರಡು ದಿನ ನಾನು ಗೆಳತಿಯ ಮನೆಯಲ್ಲಿ ಉಳಿದಿದ್ದೆನು. ಬಂದು ನೋಡುವಷ್ಟರಲ್ಲಿ ಒಂದು ಗಿಡ ಸತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಬೇಕೆಂಬ ಬುದ್ಧಿ ಆಮೇಲೆ ಬಂತು. ಈ ಗುಂಪಿನ ಲೆಕ್ಕ ಕೆಟ್ಟಿದ್ದರಿಂದ ಅದನ್ನು ಇಲ್ಲಿ ಕೊಡುತ್ತಿಲ್ಲ.

ಎರಡನೆಯ, ಮೂರನೆಯ ಗುಂಪಿನ ಗಿಡಗಳು ಬೆಳವಣಿಗೆಯಲ್ಲಿಯೂ ಹೂ ಬಿಡುವುದರಲ್ಲಿಯೂ ಮೊದಲನೆಯದಕ್ಕೆ ಹಿಂದೆ ಬೀಳಲಿಲ್ಲ. ಅರ್ಧಕ್ಕಿಂತ ಕಡಮೆ ನೀರು ಸಾಕಾಯಿತು! ನಾನು ಹಿಗ್ಗಿ, ಈ ಅಂಕಿಗಳನ್ನು ನಮ್ಮ ಭೂಗೋಳಶಾಸ್ತ್ರದ ಅಧ್ಯಾಪಕರಿಗೆ ತೋರಿಸಿದೆನು. ಅವರು ಪುಸ್ತಕವನ್ನು ಓದಿ, ಎರಡೇ ಪ್ರಶ್ನೆ ಕೇಳಿದರು. "ಗುಂಪಿಗೆ ಮೂರೇ ಗಿಡವಾದರೆ ಒಂದಕ್ಕೆ ಹುಳು ಬಿದ್ದರೂ ಲೆಕ್ಕ ಏನಾಗುತ್ತದೆ? ಎರಡನೆಯ ಗುಂಪಿನಲ್ಲಿ ನೀರು ಉಳಿಸಿದ್ದು ತರಗೋ ನಿನ್ನ ಬೆರಳೋ?"

ನನ್ನಲ್ಲಿ ಉತ್ತರವಿರಲಿಲ್ಲ. ಹೊದಿಕೆ ಹಾಕುವುದು ಒಂದು ಬದಲಾವಣೆ. ಒಣಗಿದಾಗ ಮಾತ್ರ ನೀರು ಕೊಡುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡಿದ ಮೇಲೆ ಫಲ ಯಾವುದರದೆಂದು ಹೇಳುವುದು ಹೇಗೆ? ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮವನ್ನು ನಾನು ಕಲಿತದ್ದು ಹೀಗೆ.

೪. ಎರೆಮಣ್ಣಿನ ಪಾಠ

ಏಪ್ರಿಲಿನಲ್ಲಿ ನಂಜನಗೂಡು ತಾಲ್ಲೂಕಿನ ಸೋದರತ್ತೆಯ ಮನೆಗೆ ಹೋದಾಗ ಅಲ್ಲಿ ೬ ಬದನೆ ಗಿಡಗಳ ಮೇಲೆ ಮತ್ತೆ ತೊಡಗಿದೆನು. ಈ ಸಲ ಯಾವುದಕ್ಕೂ ಹೊದಿಕೆಯಿಲ್ಲ. ಮೂರಕ್ಕೆ ದಿನವೂ ೩ ಲೀಟರು. ಉಳಿದ ಮೂರಕ್ಕೆ ಬೆರಳಿಗೆ ಒಣಗಿತೆಂದು ತಿಳಿದಾಗ ಮಾತ್ರ.

ಎರಡನೆಯ ವಾರಕ್ಕೆ ದಿನವೂ ನೀರು ಪಡೆಯುತ್ತಿದ್ದ ಗಿಡಗಳ ಕೆಳಗಿನ ಎಲೆಗಳು ಹಳದಿಯಾದುವು. ಮಧ್ಯಾಹ್ನದಲ್ಲಿ ಎಲೆಗಳು ಜೋತುಬಿದ್ದುವು. ಬಾಯಾರಿವೆಯೆಂದು ತಿಳಿದು ನಾನು ಮೇಲೆ ಒಂದೊಂದು ಚೊಂಬು ಹೆಚ್ಚಾಗಿಯೇ ಹಾಕಿದೆನು. ಮೂರನೆಯ ವಾರದಲ್ಲಿ ಎರಡು ಗಿಡಗಳು ಸತ್ತುವು. ಕಿತ್ತು ನೋಡಿದರೆ ಬೇರು ಕಂದುಬಣ್ಣವಾಗಿ ಕೊಳೆತು ನಾರುತ್ತಿತ್ತು. ಅತ್ತೆ ಬಂದು ನೋಡಿ, "ಏನವ್ವ, ಬಿ.ಎ. ಓದೋಳು ಗಿಡನ ನೀರಲ್ಲೇ ಮುಳುಗಿಸ್ಬುಟ್ಯಲ್ಲ!" ಎಂದು ನಕ್ಕರು. ಬೇರು ಉಸಿರುಕಟ್ಟುವ ವಿಷಯವನ್ನು ನಾನು ಓದಿದ್ದೆನು. ನೋಟುಪುಸ್ತಕದಲ್ಲಿ ಬರೆದುಕೊಂಡೂ ಇದ್ದೆನು. ಕಣ್ಣೆದುರಿಗೆ ಬಂದಾಗ ಗುರುತು ಹತ್ತಲಿಲ್ಲ.

ಬೆರಳಿನ ಲೆಕ್ಕದಲ್ಲಿದ್ದ ಮೂರು ಗಿಡಗಳಿಗೆ ೨೧ ದಿನಗಳಲ್ಲಿ ನೀರು ಬೇಕಾದದ್ದು ಐದೇ ಸಲ, ಅವು ಚೆನ್ನಾಗಿದ್ದುವು. ಆ ಮಣ್ಣಿನಲ್ಲಂತೂ ತರಗಿಲ್ಲದೆ ಬೆರಳೊಂದೇ ನೀರು ಉಳಿಸಿತೆಂದು ಇದರಿಂದ ಹೇಳಬಹುದು. ನಮ್ಮ ಮರಳುಮಣ್ಣಿನಲ್ಲಿ ತರಗಿನ ಪಾಲೆಷ್ಟು ಎಂಬುದನ್ನು ಬೇರೆಯಾಗಿಯೇ ನೋಡಬೇಕು.

ಅರ್ಥಶಾಸ್ತ್ರದಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ನಾವೆಲ್ಲ ಓದಿದ್ದೇವೆ. ಅದನ್ನು ಬೋಧಿಸುವಾಗ ಹಸಿದವನಿಗೆ ಕೊಡುವ ರೊಟ್ಟಿಯ ಉದಾಹರಣೆ ಹೇಳುವುದು ವಾಡಿಕೆ. ಗಿಡಕ್ಕೂ ಅದು ಹೊಂದುತ್ತದೆ. ಒಣಗಿದ ಗಿಡಕ್ಕೆ ಮೊದಲ ಚೊಂಬು ಜೀವ, ಎರಡನೆಯದು ಸುಖ, ಮೂರನೆಯದು ಬರಿಯ ಖರ್ಚು, ಅದರಾಚೆಯದು ಹಾನಿ. ವ್ಯತ್ಯಾಸವಿಷ್ಟೆ: ಹೊಟ್ಟೆ ತುಂಬಿದ ಮನುಷ್ಯನು ಕೈ ಅಡ್ಡ ಹಿಡಿಯುತ್ತಾನೆ, ಗಿಡಕ್ಕೆ ಕೈಯಿಲ್ಲ.

೫. ಅವ್ವ ಹೇಳಿದ ಕಾರಣ

ಊರಿಗೆ ಬಂದು ಅವ್ವನಿಗೆ ಬೆರಳಿನ ಪರೀಕ್ಷೆಯನ್ನು ದೊಡ್ಡ ಆವಿಷ್ಕಾರದಂತೆ ವಿವರಿಸಿದೆನು. ಅವಳಿಗೆ ಅದು ಹೊಸದೇ ಆಗಿರಲಿಲ್ಲ. "ಬೆರಳಿಗೆ ಮಣ್ಣು ಅಂಟುದ್ರೆ ನೀರು ಬ್ಯಾಡ ಅಂತ ನಮ್ಮವ್ವನೂ ಹೇಳೋಳು" ಎಂದಳು. ಹಾಗಾದರೆ ದಿನವೂ ೧೦ ಕೊಡ ಹೊರುವುದೇಕೆಂದು ಕೇಳಿದೆ. "ನಾಳೆ ತೊಂಬೇಲಿ ನೀರು ಬತ್ತದೋ ಇಲ್ವೋ, ಯಾರಿಗೆ ಗೊತ್ತು? ಬಂದಾಗ ಉಯ್ದುಬುಡೋದು."

ಈ ಮಾತು ನನ್ನ ಲೆಕ್ಕವನ್ನೆಲ್ಲ ಬೇರೆ ಬೆಳಕಿನಲ್ಲಿ ತೋರಿಸಿತು. ಅವ್ವ ಹೆಚ್ಚು ಸುರಿಯುತ್ತಿದ್ದುದು ತಿಳಿಯದೆ ಅಲ್ಲ, ನಾಳೆಯ ಭಯದಿಂದ. ಅವಳು ಮಣ್ಣನ್ನೇ ಹಗೇವಾಗಿ ಮಾಡಿಕೊಂಡು ನೀರನ್ನು ಕೂಡಿಡಲು ನೋಡುತ್ತಿದ್ದಳು. ನಮ್ಮ ಮರಳುಮಣ್ಣೋ ತೂತುಬಿದ್ದ ಹಗೇವು. ೬ ಗಿಡಗಳು ಒಣಗಿದ್ದೂ ಇದರಿಂದಲೇ ಇರಬೇಕು: ತೊಂಬೆ ಬರಿದಾದ ದಿನಗಳಿಗೆ ಉಳಿಯುವಂತೆ ಬೇರಿನ ಬಳಿ ಏನೂ ನಿಂತಿರಲಿಲ್ಲ. ಹಾಗಿದ್ದ ಮೇಲೆ ಬೇಕಾದದ್ದು ಕಡಮೆ ನೀರಿನ ಉಪದೇಶವಲ್ಲ. ನಾಳೆಗೆ ನೀರನ್ನು ಇಟ್ಟುಕೊಳ್ಳುವ ಜಾಗ. ಹೂಳಿದ ಮಡಕೆ ಅಂಥ ಜಾಗ. ಹೊದಿಕೆ ಅದರ ಬಾಗಿಲು. ಬಾಯಿ ಮುಚ್ಚಿದ ಒಂದು ಡ್ರಮ್ಮೂ ಅಂಥದ್ದೇ. ಡ್ರಮ್ಮಿನಲ್ಲಿ ನೀರಿದೆಯೆಂದು ಕಂಡರೆ ಇಂದು ಸುರಿಯದೆ ಇರಲು ಧೈರ್ಯ ಬರುತ್ತದೆ.

ಆಮೇಲೆ ಅವ್ವ ತಾನಾಗಿಯೇ ಮಲ್ಲಿಗೆಯನ್ನು ನನ್ನ ಕೈಗೆ ಕೊಟ್ಟಳು. ೨೦ ಗಿಡಗಳಿಗೂ ತರಗು ಹೊದಿಸಿದೆವು. ಹೊಸದಾಗಿ ನೆಟ್ಟ ೬ ಸಸಿಗಳ ಪಕ್ಕದಲ್ಲಿ ಹಳೆಯ ನೀರಿನ ಮಡಕೆಗಳನ್ನು ಹೂಳಿದೆವು. ಹಿತ್ತಲ ಬಾಗಿಲಿನಲ್ಲಿ ಒಂದು ಡ್ರಮ್ಮು ಇಟ್ಟೆವು. ಎರಡು ದಿನಕ್ಕೆ ೨೦ ಕೊಡ ಹಿಡಿಯುತ್ತಿದ್ದ ಕೆಲಸ ಈಗ ೧೦ ಕೊಡದಲ್ಲಿ ಮುಗಿಯುತ್ತದೆ. ಮೊಗ್ಗು ಕಡಮೆಯಾಗಿಲ್ಲ.

೬. ಉಪಸಂಹಾರ

ಕೆಲವೇ ಗಿಡಗಳ ಆಧಾರದಿಂದ ಶಾಸ್ತ್ರವನ್ನು ಕಟ್ಟಲಾಗದೆಂಬುದನ್ನು ನಾನು ಬಲ್ಲೆನು. ಆದರೂ ಮನೆಯಲ್ಲಿ ನಾಲ್ಕು ಗಿಡವಿಟ್ಟುಕೊಂಡವರಿಗೆ ಉಪಯೋಗವಾಗಬಹುದಾದ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಮೊದಲು ಮಣ್ಣನ್ನು ತಿಳಿಯಬೇಕು, ಆಮೇಲೆ ವಿಧಾನವನ್ನು ಆರಿಸಬೇಕು, ತಿ. ನರಸೀಪುರದ ಮರಳಿಗೆ ಸರಿಬಂದದ್ದು ನಂಜನಗೂಡಿನ ಎರೆಗೆ ಬರಲಿಲ್ಲ. ಮರಳುಮಣ್ಣಿಗೆ ಸ್ವಲ್ಪಸ್ವಲ್ಪವಾಗಿ, ಎರೆಗೆ ತಡೆದು ತಡೆದು ಕೊಡುವುದು ಮೇಲು. ಬಾಡಿದ ಎಲೆ ಕಂಡೊಡನೆ ಚೊಂಬಿಗೆ ಕೈಹಾಕದೆ ಮಣ್ಣಿಗೆ ಬೆರಳು ಹಾಕಬೇಕು. ನೀರೆರೆಯಲು ಬೆಳಗಿನ ಹೊತ್ತು ಒಳ್ಳೆಯದು. ಎಲೆಯ ಮೇಲೆ ಬಿದ್ದ ನೀರು ಬೇಗ ಆರುವುದರಿಂದ ರೋಗದ ಭಯ ಕಡಮೆ. ಸಂಜೆಯೇ ಆಗಬೇಕಾದರೆ ಬುಡಕ್ಕಷ್ಟೇ ಹಾಕಬೇಕು. ಬಣ್ಣ ಬಳಿದ ಮಡಕೆ ಹೂಳಲು ಬಾರದು, ರಂಧ್ರ ಮುಚ್ಚಿರುತ್ತದೆ. ಗಡಸು ನೀರಿನ ಉಪ್ಪು ಕಟ್ಟಿದಾಗ ಮಡಕೆಯನ್ನು ಅಗೆದು ತೆಗೆದು ನಾರಿನಿಂದ ಉಜ್ಜಬೇಕು.

ಎಲ್ಲಕ್ಕೂ ಮೊದಲು, ಆ ನೀರನ್ನು ತರುವವರು ಯಾರೆಂದು ನೋಡಬೇಕು. ನಲ್ಲಿ ತಿರುಗಿಸುವವರಿಗೆ ಲೀಟರೆಂಬುದು ಒಂದು ಅಂಕಿ. ಹೊರುವವರಿಗೆ ಅದು ಒಂದು ಕಿಲೋಗ್ರಾಂ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಹೊರುವವರು ತಾಯಂದಿರೇ, ಇಲ್ಲವೆ ಅಕ್ಕತಂಗಿಯರೇ.

ತರಗಿನದೊಂದರ ಪಾಲನ್ನು ತಿಳಿಯಲು ಮುಂದಿನ ಪ್ರಯೋಗವನ್ನು ನಮ್ಮ ಹಿತ್ತಲಿನಲ್ಲಿ ಈಗಲೇ ಹೂಡಿದ್ದೇನೆ; ಈ ಸಲ ಗುಂಪಿಗೆ ಹತ್ತು ಗಿಡಗಳು. ನಾನು ಕಾಲೇಜು ಬಿಟ್ಟ ಮೇಲೆ ಕಿರಿಯ ವಿದ್ಯಾರ್ಥಿಮಿತ್ರರಲ್ಲಿ ಯಾರಾದರೂ ತಮ್ಮ ಊರಿನ ಮಣ್ಣಿನಲ್ಲಿ ಇದನ್ನು ಮಾಡಿ, ಅಂಕಿಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುವುದಾದರೆ ನನ್ನ ನೋಟುಪುಸ್ತಕವನ್ನು ಸಂತೋಷದಿಂದ ಕೊಡುತ್ತೇನೆ. ಸತ್ತ ಗಿಡಗಳ ಲೆಕ್ಕವೂ ಅದರಲ್ಲಿದೆ.